ಅತ್ತೆಯ ಮುಯ್ಯಾಳುಗಳು

ಶಿವಮೊಗ್ಗದ ಡಾಕ್ಟರು ಅತ್ತೆಯನ್ನು ಅರ್ಧ ಗಂಟೆ ಮಾತನಾಡಿಸಿದರು. ಗಡಿಯಾರದ ಚಿತ್ರ ಬರೆಸಿದರು, ತಲೆಯ ಸ್ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು: "ಇದು ವಾಸಿ ಮಾಡೋ ಕಾಯಿಲೆ ಅಲ್ಲ, ನೋಡಿಕೊಳ್ಳೋ ಕಾಯಿಲೆ. ಮನೆಯಲ್ಲಿ ನೋಡಿಕೊಳ್ಳೋರು ಯಾರಿದ್ದೀರಿ?" ನನ್ನ ಗಂಡ ನನ್ನ ಕಡೆ ತಿರುಗಿದರು. ಸಾಗರದಿಂದ ಬಂದಿದ್ದ ನಾದಿನಿ ನನ್ನ ಕಡೆ ತಿರುಗಿದಳು. ಪ್ರಶ್ನೆಯೇ ಅರ್ಥವಾಗದ ಅತ್ತೆ ಕೂಡ, ಎಲ್ಲರೂ ನೋಡುತ್ತಿದ್ದಾರಲ್ಲ ಎಂದು ನನ್ನನ್ನೇ ನೋಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಉತ್ತರ ಹೇಳುವ ಮೊದಲೇ ಡಾಕ್ಟರು ಚೀಟಿ ಬರೆಯಲು ಶುರುಮಾಡಿದ್ದರು.

ನಾನು ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಗಂಡನಿಗೆ ಜೋಗದ ವಿದ್ಯುದಾಗಾರದಲ್ಲಿ ಪಾಳಿಯ ಕೆಲಸ. ಹತ್ತು ದಿನಕ್ಕೊಮ್ಮೆ ಬಂದು ಎರಡು ದಿನ ಇದ್ದು ಹೋಗುತ್ತಾರೆ. ಇರುವ ಒಬ್ಬಳೇ ಮಗಳು ಸಾಗರದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ. ಹಾಗಾಗಿ ಮನೆಯಲ್ಲಿ ಉಳಿದವರು ಅತ್ತೆ ಮತ್ತು ನಾನು. ನಮ್ಮಿಬ್ಬರಿಗೂ ಮೊದಲಿನಿಂದ ಅಂಥ ಹೊಂದಾಣಿಕೆ ಇರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ನಾನು ಸಾರಿಗೆ ಬೆಲ್ಲ ಹಾಕುವವಳು, ಅವರು ಹಾಕದವರು. ಇಪ್ಪತ್ತೈದು ವರ್ಷ ಈ ಒಂದು ವಿಷಯವೇ ನಮಗೆ ಸಾಕಾಗಿತ್ತು.

ನಾದಿನಿ ಒಂದು ತಿಂಗಳು ಇಟ್ಟುಕೊಳ್ಳುತ್ತೇನೆಂದು ಕರೆದೊಯ್ದಳು. ಅವಳ ಮನೆ ಎರಡನೇ ಮಹಡಿಯಲ್ಲಿ. ಮೆಟ್ಟಿಲು ಯಾಕಿದೆ, ಅಂಗಳ ಎಲ್ಲಿ ಹೋಯಿತು ಎಂದು ಕೇಳಿ ಕೇಳಿ ಅತ್ತೆ ಅತ್ತರು. ಹನ್ನೆರಡನೇ ದಿನ ಕಾರಿನಲ್ಲಿ ವಾಪಸು ಬಂದರು. ಗಂಡನನ್ನು ಕೇಳಿದರೆ, "ನೋಡೋಣ" ಎನ್ನುತ್ತಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿ. ಆ 'ನೋಡೋಣ'ದ ಒಳಗೆ ಏನಿದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದೋ ನಾನು ಕೆಲಸ ಬಿಡಬೇಕು, ಇಲ್ಲವೇ ಅತ್ತೆಯನ್ನು ಶಿವಮೊಗ್ಗದ ಯಾವುದಾದರೂ ಆಶ್ರಮಕ್ಕೆ ಸೇರಿಸೋಣ ಎಂಬ ಮಾತನ್ನು ನನ್ನ ಬಾಯಿಂದಲೇ ಆಡಿಸಿ, ಆ ಪಾಪವನ್ನು ನನ್ನ ತಲೆಗೆ ಕಟ್ಟಬೇಕು.

ಎರಡನ್ನೂ ಮಾಡದೆ ನಾನು ಮೂರನೆಯದನ್ನು ಮಾಡಿದೆ. ಹೇಳಲು ನಾಚಿಕೆಯಾಗುತ್ತದೆ. ಜನವರಿಯಲ್ಲಿ ಮೂರು ವಾರ, ಬೆಳಿಗ್ಗೆ ಗ್ಯಾಸಿನ ಸಿಲಿಂಡರ್ ಬಂದ್ ಮಾಡಿ, ತಿಂಡಿ ಊಟ ಎಲ್ಲ ಮೇಜಿನ ಮೇಲಿಟ್ಟು, ಹೊರಗಿನಿಂದ ಬೀಗ ಹಾಕಿಕೊಂಡು ಶಾಲೆಗೆ ಹೋದೆ. ಒಂದು ಸಂಜೆ ಬಸ್ಸಿಳಿದು ಬರುವಾಗ ಅತ್ತೆ ಕಿಟಕಿಯ ಸರಳು ಹಿಡಿದು ನಿಂತಿದ್ದರು. ನನ್ನನ್ನು ನೋಡಿ ಬಹಳ ಮರ್ಯಾದೆಯಿಂದ ಹೇಳಿದರು: "ಯಾರಮ್ಮ ನೀವು? ಒಳಗೆ ಬನ್ನಿ ಅನ್ನನ ಅಂದ್ರೆ ಕೀಲಿ ನನ್ನ ಹತ್ರ ಇಲ್ಲ. ಈ ಮನೆಯವ್ರು ಎಲ್ಲೋ ಹೋಗಿದಾರೆ."

ಬೀಗ ತೆಗೆದು ಒಳಗೆ ಹೋದೆ. ಆ ಸಂಜೆಯೇ ಸ್ವಯಂ ನಿವೃತ್ತಿಯ ಅರ್ಜಿ ಬರೆದು ಬ್ಯಾಗಿನಲ್ಲಿಟ್ಟುಕೊಂಡೆ. ಬರೆದದ್ದು ಅತ್ತೆಯ ಮೇಲಿನ ಪ್ರೀತಿಯಿಂದಲ್ಲ, ಸೋತು. ಹತ್ತನೇ ತರಗತಿಯ ಪರೀಕ್ಷೆ ಮುಗಿಯುತ್ತಿದ್ದಂತೆ ಮುಖ್ಯೋಪಾಧ್ಯಾಯರ ಕೈಗೆ ಕೊಡುವುದೆಂದು ನಿರ್ಧರಿಸಿದೆ.

ಕಿಟಕಿಯಲ್ಲಿ ನಿಂತ ಅತ್ತೆಯನ್ನು ನನಗಿಂತ ಮುಂಚೆ ಬೇರೊಬ್ಬರು ನೋಡಿದ್ದರು. ಸೋಮವಾರ ಬೆಳಿಗ್ಗೆ ಏಳೂವರೆಗೆ, ಹಳ್ಳದಾಚೆ ಇರುವ ಒಬ್ಬ ಹೆಂಗಸು ನಮ್ಮ ಅಂಗಳದಲ್ಲಿ ನಿಂತಿದ್ದರು. ವಯಸ್ಸು ಎಪ್ಪತ್ತರ ಹತ್ತಿರ. ಊರಲ್ಲಿ ಎಲ್ಲರಿಗೂ ಅವರು ಚಿಕ್ಕಮ್ಮ, ನನಗೂ ಹಾಗೇ. ನಾಟಿಗೆ ಹೊರಟವರ ಹಾಗೆ ಸೀರೆ ಎತ್ತಿ ಕಟ್ಟಿದ್ದರು, ಸೊಂಟದಲ್ಲಿ ಕತ್ತಿ ಸಿಕ್ಕಿಸಿಕೊಂಡಿದ್ದರು.

"ಮುಯ್ಯಿ ತೀರ್ಸಕ್ಕೆ ಬಂದೆ," ಎಂದರು.

"ಎಂತ ಮುಯ್ಯಿ ಚಿಕ್ಕಮ್ಮ? ನಮ್ಗೀಗ ಗದ್ದೆನೇ ಇಲ್ಲ."

"ಗದ್ದೆ ಇಲ್ದಿದ್ರೆ ಮುಯ್ಯಿ ಹೋಗ್ತದಾ? ನಿಮ್ಮತ್ತೆ ಇದಾಳಲ್ಲ."

ನಮ್ಮ ಕಡೆ ಚಿಕ್ಕ ಹಿಡುವಳಿಯವರು ಕೂಲಿಗೆ ಆಳು ಕರೆಯುತ್ತಿರಲಿಲ್ಲ. ನಿಮ್ಮ ಗದ್ದೆಗೆ ನಾನು ಬರುತ್ತೇನೆ, ನನ್ನ ಗದ್ದೆಗೆ ನೀವು ಬನ್ನಿ. ಒಂದು ದಿನಕ್ಕೆ ಒಂದು ದಿನ. ಅದು ಮುಯ್ಯಿ, ಹಾಗೆ ಬರುವವರು ಮುಯ್ಯಾಳು. ಈಗ ಗದ್ದೆಗಳೆಲ್ಲ ಶುಂಠಿಯಾಗಿ, ಅಕೇಶಿಯಾ ನೆಡುತೋಪಾಗಿ, ಉಳಿದ ಕಡೆ ನಾಟಿಯ ಯಂತ್ರ ಬಂದು, ಆ ಪದವನ್ನು ನಾನು ಕೇಳಿಯೇ ಎಷ್ಟೋ ವರ್ಷವಾಗಿತ್ತು. ನಾನಂತೂ ಮುಯ್ಯಿಗೆ ಹೋದವಳೇ ಅಲ್ಲ. ಮದುವೆಯಾಗಿ ಬರುವಾಗಲೇ ಡಿಗ್ರಿ, ಮೂರು ವರ್ಷಕ್ಕೆ ಸರ್ಕಾರಿ ಕೆಲಸ.

ಚಿಕ್ಕಮ್ಮ ಕಾಫಿ ಕುಡಿಯುತ್ತ ವಿಷಯ ಹೇಳಿದರು. ನಲವತ್ತು ವರ್ಷದ ಹಿಂದೆ, ಸರಿಯಾಗಿ ನಾಟಿಯ ಹೊತ್ತಿಗೆ, ಅವರ ಎರಡನೇ ಮಗು ಹುಟ್ಟುತ್ತಲೇ ಸತ್ತಿತ್ತು. ಅವರು ಏಳುವ ಸ್ಥಿತಿಯಲ್ಲಿರಲಿಲ್ಲ. ನಾಟಿಗೆ ಬೆಳೆಸಿದ ಭತ್ತದ ಅಗೆ ಬಲಿತು ಹೋಗುತ್ತಿತ್ತು. ಆಗ ನನ್ನ ಅತ್ತೆ ತಮ್ಮ ಗದ್ದೆಯನ್ನು ಹಾಗೇ ಬಿಟ್ಟು, ಹತ್ತೊಂಬತ್ತು ದಿನ ಹಳ್ಳದಾಚೆ ಹೋಗಿ ನಾಟಿ ಮಾಡಿಕೊಟ್ಟಿದ್ದರು. ಮುಂದಿನ ವರ್ಷ ಮಾವ ಗದ್ದೆಯನ್ನು ಬೇರೆಯವರಿಗೆ ಮಾಡಲು ಕೊಟ್ಟರು. ಮುಯ್ಯಾಳನ್ನು ಕರೆಯುವ ಸಂದರ್ಭವೇ ಬರಲಿಲ್ಲ.

"ಅವ್ಳು ಕರೀಲೇ ಇಲ್ಲ," ಎಂದರು ಚಿಕ್ಕಮ್ಮ. "ನಾನೂ ಇವತ್ತು ನಾಳೆ ಅಂತ ಇದ್ದೆ. ಮೊನ್ನೆ ಕಿಟಕೀಲಿ ಕಂಡ್ಳು."

ಬೀಗದ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಮೇಷ್ಟ್ರ ಬುದ್ಧಿಯವಳು. ಸ್ಕೆಚ್ ಪೆನ್ನಿನಲ್ಲಿ ಒಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಎಂಟೂವರೆಗೆ ಮಾತ್ರೆ, ಹತ್ತಕ್ಕೆ ಟಿವಿ, ಹನ್ನೊಂದಕ್ಕೆ ಮಜ್ಜಿಗೆ. ಚಿಕ್ಕಮ್ಮ ಅದನ್ನು ಕ್ಯಾಲೆಂಡರ್ ನೋಡಿದ ಹಾಗೆ ನೋಡಿ, "ಅದಿರ್ಲಿ, ಕೆಲ್ಸ ಎಂತ?" ಎಂದು ಕೇಳಿದರು.

"ಕೆಲ್ಸ ಏನೂ ಇಲ್ಲ ಚಿಕ್ಕಮ್ಮ. ಸುಮ್ನೆ ಕೂತ್ಕೊಂಡು ನೋಡ್ಕೊಂಡ್ರೆ ಸಾಕು."

ಅವರ ಮುಖ ಗಂಟಾಯಿತು. "ಸುಮ್ನೆ ಕೂರಕ್ಕೆ ಮುಯ್ಯಾಳು ಬರಲ್ಲ ಮಾರಾಯ್ತಿ. ಅವ್ಳೇನು ಬೇಲಿ ಹಾರೋ ಎಮ್ಮೆನಾ, ನಾ ಕೂತು ಕಾಯಕ್ಕೆ? ಗದ್ದೆ ಇಲ್ದಿದ್ರೆ ಬೇರೆ ಕೆಲ್ಸ ತೋರ್ಸು."

ಬಸ್ಸಿನ ಹಾರ್ನ್ ಕೇಳಿಸಿತು. ಬಾಯಿಗೆ ಬಂದದ್ದನ್ನು, "ಹಿತ್ಲಲ್ಲಿ ದರಗು ಬಿದ್ದಿದೆ," ಎಂದು ಹೇಳಿ ಓಡಿದೆ. ಒಣಗಿದ ಎಲೆಗೆ ನಾವು ದರಗು ಎನ್ನುತ್ತೇವೆ. ಅವತ್ತು ಶಾಲೆಯಲ್ಲಿ ನಾನು ಹೇಳಿಕೊಟ್ಟ ಪ್ರಮೇಯ ಯಾವುದೆಂದು ನನಗೇ ನೆನಪಿಲ್ಲ.

ಸಂಜೆ ಬಂದರೆ ಹಿತ್ತಲು ಕನ್ನಡಿಯ ಹಾಗಿತ್ತು. ಮೂಲೆಯಲ್ಲಿ ಆಳೆತ್ತರದ ದರಗಿನ ರಾಶಿ. ಅತ್ತೆಯ ತಲೆಗೂದಲಲ್ಲಿ ಎಲೆಯ ಚೂರು, ಮೊಣಕೈಯಲ್ಲಿ ತರಚು ಗಾಯ, ಮುಖದಲ್ಲಿ ಬೆವರು. ನನಗೆ ಮೊದಲು ಸಿಟ್ಟು ಬಂತು. ಎಪ್ಪತ್ತೆಂಟು ವರ್ಷದವರ ಹತ್ತಿರ ಹೀಗಾ ಕೆಲಸ ಮಾಡಿಸುವುದು ಎಂದು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನಗೆ, "ಕೈಕಾಲು ತೊಳ್ದು ಬಾ, ಊಟ ಮಾಡನ," ಎಂದರು. ನಾನು ಯಾರೆಂದು ಗೊತ್ತಿತ್ತೋ ಇಲ್ಲವೋ, ಕೆಲಸ ಮುಗಿಸಿ ಬಂದವಳೆಂದು ಮಾತ್ರ ಗೊತ್ತಿತ್ತು. ಎರಡು ಸಲ ಅನ್ನ ಹಾಕಿಸಿಕೊಂಡರು. ಡಾಕ್ಟರು ಕೊಟ್ಟ ನಿದ್ರೆಯ ಮಾತ್ರೆ ಕೊಡುವ ಮೊದಲೇ ಗೊರಕೆ ಹೊಡೆಯುತ್ತಿದ್ದರು.

ಸೋಮವಾರ, ಮಂಗಳವಾರ, ಬುಧವಾರ ಚಿಕ್ಕಮ್ಮನ ದಿನಗಳಾದವು. ಉಳಿದದ್ದಕ್ಕೆ ಏನು ಮಾಡುವುದೆಂದು ನಾನು ಯೋಚಿಸುತ್ತಿದ್ದಾಗ ಗುರುವಾರ ಹುಂಚದ ಕಡೆಯ ಬಸ್ಸಿನಿಂದ ಇನ್ನೊಬ್ಬರು ಇಳಿದರು. ಚಿಕ್ಕಮ್ಮ ಸಂತೆಯಲ್ಲಿ ಸುದ್ದಿ ಹೇಳಿದ್ದರಂತೆ. ಇವರ ಮನೆಗೂ ಅತ್ತೆ ಹಿಂದೆ ಗದ್ದೆ ಕೊಯ್ಲಿಗೆ ಹೋಗಿದ್ದು ಬಾಕಿ ಇತ್ತಂತೆ. ಮಾತು ಕಡಿಮೆ, ಉಪ್ಪಿನಕಾಯಿಗೆ ಮಾವಿನ ಮಿಡಿ ಆರಿಸುವುದರಲ್ಲಿ ನಿಸ್ಸೀಮರು. ಆದರೆ ನನ್ನನ್ನು ನಿಜವಾಗಿ ಬೆಚ್ಚಿಬೀಳಿಸಿದವಳು ಶುಕ್ರವಾರ ಬಂದವಳು. ಹೊಸನಗರದ ಪೇಟೆಯಲ್ಲಿ ಬ್ಲೌಸು ಹೊಲಿಯುವ, ನಲವತ್ತರ ಆಸುಪಾಸಿನ ಹೆಂಗಸು. ನಾನು ಅವಳನ್ನು ಕಂಡೇ ಇರಲಿಲ್ಲ.

"ನಿಮ್ಗೂ ನಮ್ಮತ್ತೆಗೂ ಹೇಗೆ ಪರಿಚಯ?" ಎಂದು ಕೇಳಿದೆ.

"ನಂಗೆ ಪರಿಚಯ ಇಲ್ಲ ಟೀಚರೇ. ನಮ್ಮಮ್ಮಂಗೆ ಇತ್ತು. ಅಮ್ಮ ಹೋಗಿ ಎಂಟು ವರ್ಷ ಆತು. ಹೋಗೋ ಮುಂಚೆ ಹೇಳಿದ್ಲು, ಆ ಮನೆಗೆ ಆರು ಆಳು ಬಾಕಿ ಅದೆ, ತೀರ್ಸಕ್ಕೆ ಆಗ್ಲಿಲ್ಲ ಅಂತ."

ಸತ್ತ ತಾಯಿಯ ಆರು ದಿನದ ಕೆಲಸವನ್ನು ತೀರಿಸಲು ಅವಳು ಅಂಗಡಿಯ ಬಾಗಿಲು ಹಾಕಿ, ಹುಕ್ಕು, ಕಾಜಾ ಹಾಕಬೇಕಿದ್ದ ಬ್ಲೌಸುಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದಿದ್ದಳು. ಶುಕ್ರವಾರ, ಶನಿವಾರ ಅತ್ತೆ ಅವಳ ಪಕ್ಕ ಕುಳಿತು ಹುಕ್ಕುಗಳನ್ನು ಡಬ್ಬಿಯಿಂದ ಒಂದೊಂದಾಗಿ ಎತ್ತಿ ಕೊಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಅದನ್ನು ನೋಡಿದೆ. ಒಳಗೆ ಏನೋ ತಲೆಬಾಗಿತು. ದೇವಸ್ಥಾನದಲ್ಲಿ ನನಗೆ ಹಾಗೆ ಆಗಿದ್ದು ನೆನಪಿಲ್ಲ. ಅತ್ತೆಗೆ ಇವರಲ್ಲಿ ಒಬ್ಬರ ನೆನಪೂ ಇರಲಿಲ್ಲ. ತಾನು ಯಾರ ಗದ್ದೆಗೆ ಇಳಿದೆ, ಎಷ್ಟು ದಿನ ಬಗ್ಗಿದೆ ಎಂಬುದೆಲ್ಲ ಅವರ ತಲೆಯಿಂದ ಒರೆಸಿ ಹೋಗಿತ್ತು. ಅದನ್ನು ಅವರ ಪರವಾಗಿ ಬೇರೆ ಬೇರೆ ಮನೆಗಳು ನೆನಪಿಟ್ಟುಕೊಂಡಿದ್ದವು, ಯಾರೂ ಹೇಳದೆ, ಎಲ್ಲೂ ಬರೆಯದೆ. ಮನೆಯ ಕೆಲಸ ಬಿಟ್ಟು ಬೇರೆಯವರ ಗದ್ದೆಗೆ ಓಡುವ ಅತ್ತೆಯ ಬಗ್ಗೆ ಮಾವ, "ಊರಿಗೆ ಉಪಕಾರಿ, ಮನೆಗೆ ಮಾರಿ" ಎನ್ನುತ್ತಿದ್ದುದನ್ನು ನಾನೂ ಎಷ್ಟೋ ಸಲ ಆಡಿಕೊಂಡು ನಕ್ಕಿದ್ದೆ.

ಒಂದು ಮಂಗಳವಾರ ಬರಲಾಗದ್ದಕ್ಕೆ ಚಿಕ್ಕಮ್ಮ ಭಾನುವಾರ ಬಂದರು. ಹುಣಸೆಹಣ್ಣು ಬಿಡಿಸುವ ಕೆಲಸ. ನಾನು ಉತ್ತರ ಪತ್ರಿಕೆಗಳ ಕಟ್ಟು ಹಿಡಿದು ಒಳಗೆ ಹೊರಟೆ.

"ಎಲ್ಲಿಗ್ ಹೊಂಟೆ? ಮುಯ್ಯಾಳು ಬಂದಾಗ ಮನೆಯವ್ರೂ ಕೆಲ್ಸಕ್ಕೆ ಇಳೀಬೇಕು. ಬದು ಮೇಲೆ ನಿಂತು ನೋಡದು ಸಾಹುಕಾರ್ರ ಲಕ್ಷಣ," ಎಂದು ಗದರಿದರು. ಕುಳಿತೆ.

ಅತ್ತೆ ಹುಣಸೆಯ ಬೀಜವನ್ನು ಹಣ್ಣಿನ ರಾಶಿಗೂ, ಹಣ್ಣನ್ನು ಬೀಜದ ರಾಶಿಗೂ ಹಾಕುತ್ತಿದ್ದರು. "ಅಲ್ಲ ಅತ್ತೆ, ಬೀಜ ಈ ಕಡೆ," ಎಂದೆ. ಇನ್ನೊಮ್ಮೆ ಎಂದೆ. ಮೂರನೇ ಸಲ ಅತ್ತೆಯ ಕೈ ನಿಂತೇ ಹೋಯಿತು. ಚಿಕ್ಕಮ್ಮ ನನ್ನ ಕಡೆ ನೋಡಲೂ ಇಲ್ಲ. ಅವರು ಯಾರದೋ ಮದುವೆಯಲ್ಲಿ ಪಾಯಸ ಸೀದು ಹೋದ ಕಥೆ ಹೇಳುತ್ತ, ಅತ್ತೆ ತಪ್ಪಾಗಿ ಹಾಕಿದ್ದನ್ನು ಎಡಗೈಯಲ್ಲಿ ಆರಿಸಿ ಸರಿಯಾದ ರಾಶಿಗೆ ಹಾಕುತ್ತಿದ್ದರು. ಮಧ್ಯಾಹ್ನದವರೆಗೆ ಒಂದೇ ಕೆಲಸವನ್ನು ಎರಡು ಸಲ ಮಾಡಿದರು. ಒಮ್ಮೆಯೂ ಅತ್ತೆಗೆ ಅದು ಗೊತ್ತಾಗಲಿಲ್ಲ. ಇಪ್ಪತ್ತೆರಡು ವರ್ಷ ಕೆಂಪು ಶಾಯಿಯಲ್ಲಿ ತಪ್ಪು ಹಾಕಿದವಳು ನಾನು. ಆ ಎಡಗೈಯನ್ನೇ ನೋಡುತ್ತಾ ಕುಳಿತೆ.

ಊಟದ ಹೊತ್ತಿಗೆ ಅತ್ತೆ ತಲೆ ಎತ್ತಿ, "ನಮ್ಮನೆಯವ್ರು ಬಂದ್ರಾ?" ಎಂದರು.

ಇದು ನಮ್ಮ ಮನೆಯ ದಿನನಿತ್ಯದ ಪ್ರಶ್ನೆ. ಮಾವ ತೀರಿಕೊಂಡು ಹದಿನೈದು ವರ್ಷ. ಸುಳ್ಳು ಹೇಳಬಾರದು ಎಂಬ ನನ್ನ ಹಟಕ್ಕೆ ಪ್ರತಿ ಸಲವೂ, "ಮಾವ ತೀರ್ಕೊಂಡ್ರಲ್ಲ ಅತ್ತೆ," ಎಂದು ನೆನಪಿಸುತ್ತಿದ್ದೆ. ಪ್ರತಿ ಸಲವೂ ಅವರು ಆಗಷ್ಟೇ ಕೇಳಿದವರ ಹಾಗೆ ಕುಸಿದು ಅಳುತ್ತಿದ್ದರು. ಅರ್ಧ ಗಂಟೆಗೆ ಮರೆತು ಮತ್ತೆ ಕೇಳುತ್ತಿದ್ದರು. ಸತ್ಯ ಹೇಳುತ್ತೇನೆಂದುಕೊಂಡು ನಾನು ಆ ಹೆಂಗಸನ್ನು ದಿನಕ್ಕೆ ನಾಲ್ಕು ಸಲ ವಿಧವೆ ಮಾಡುತ್ತಿದ್ದೆ.

ಅವತ್ತು ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ಹೇಳಿದರು: "ಇಲ್ಲ ಕಣೆ, ಬಂದಿಲ್ಲ. ಇಷ್ಟು ಬಿಡ್ಸಿ ಊಟ ಮಾಡನ, ಬಾ."

ಬಂದಿಲ್ಲ. ಅದು ಸುಳ್ಳಲ್ಲ. "ಹೌದಾ," ಎಂದು ಅತ್ತೆ ಮತ್ತೆ ಹುಣಸೆಗೆ ಕೈ ಹಾಕಿದರು. ನಾನು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಬೇಸರಕ್ಕಲ್ಲ, ಚಿಕ್ಕಮ್ಮನ ಮುಂದೆ ನಾನು ಎಷ್ಟು ಚಿಕ್ಕವಳು ಎಂದು ತಿಳಿದದ್ದಕ್ಕೆ. ಅಕ್ಷರ ಕಲಿಯದ ಆ ಹೆಂಗಸಿಗೆ ಇದನ್ನು ಯಾವ ಡಾಕ್ಟರು ಹೇಳಿಕೊಟ್ಟಿದ್ದರು?

ಆಮೇಲೆ ನಾನೂ ಹಾಗೇ ಹೇಳಲು ಕಲಿತೆ. ಫೆಬ್ರವರಿ ಕಳೆಯುವಷ್ಟರಲ್ಲಿ ಅತ್ತೆ ಅಳುವುದು ಕಡಿಮೆಯಾಯಿತು. ಮರೆವು ಕಡಿಮೆಯಾಗಲಿಲ್ಲ; ಅದರ ಪಾಡಿಗೆ ಅದು ಮೇಯುತ್ತಲೇ ಇತ್ತು. ಗಂಡ ಜೋಗದಿಂದ ಬಂದವರು ಹಿತ್ತಲು, ಮಿಡಿಯ ಭರಣಿ, ಹುಣಸೆ ಉಂಡೆ ಎಲ್ಲ ನೋಡಿ, "ಪರವಾಗಿಲ್ವೇ, ಎಲ್ಲ ಸರಿಹೋಯ್ತಲ್ಲ," ಎಂದರು. ಅವರನ್ನೂ ಹಿಡಿದು ಸೌದೆ ಒಡೆಯಲು ಕೂರಿಸಿದೆ, ಪಕ್ಕದಲ್ಲಿ ಅವರಮ್ಮನನ್ನೂ.

ಶಾಲೆಯಲ್ಲಿ ಊಟದ ಬಿಡುವಿನಲ್ಲಿ ಇದನ್ನು ಹೇಳಿದಾಗ ಉಳಿದ ಟೀಚರುಗಳು ಡಬ್ಬಿ ಮುಚ್ಚಿಟ್ಟು ಕೇಳಿದರು. ಅಲ್ಲಿದ್ದ ಐವರಲ್ಲಿ ಮೂವರ ಮನೆಯಲ್ಲಿ ಇಂಥವರೇ ಒಬ್ಬೊಬ್ಬರಿದ್ದರು. ಬೀಗ ಹಾಕಿ ಬರುವವಳು ನಾನೊಬ್ಬಳೇ ಆಗಿರಲಿಲ್ಲ ಎಂಬುದೂ ಅವತ್ತೇ ಗೊತ್ತಾಯಿತು. "ಇವ್ರಿಗೇನೋ ನಾವಿದ್ದೀವಿ, ನಮ್ಗ್ಯಾರು?" ಎಂದು ಒಬ್ಬಳು ನಕ್ಕಳು. ಎಲ್ಲರೂ ನಕ್ಕರು. ಆ ನಗು ಬಸ್ಸಿನುದ್ದಕ್ಕೂ ನನ್ನ ಜೊತೆ ಬಂತು. ನನಗೆ ಯಾರು ಒಂದು ದಿನವಾದರೂ ಬಾಕಿ ಇದ್ದಾರೆ? ನಾನು ಯಾರ ಗದ್ದೆಗೂ ಇಳಿದವಳಲ್ಲ. ಯಾರ ಹಂಗೂ ಬೇಡ ಎಂಬುದನ್ನೇ ದೊಡ್ಡಸ್ತಿಕೆ ಎಂದುಕೊಂಡು ಬದುಕಿದವಳು. ನಾಳೆ ಗಡಿಯಾರ ಬರೆಯಲಾಗದೆ ಡಾಕ್ಟರ ಮುಂದೆ ನಾನು ಕುಳಿತಾಗ, ಎಲ್ಲರ ಮುಖ ನನ್ನ ಮಗಳ ಕಡೆ ತಿರುಗುತ್ತದೆ. ಅದನ್ನು ನೆನೆದು ನನಗೆ ಭಯವಾಯಿತು.

ಮಾರ್ಚ್ ಕೊನೆಯ ಒಂದು ಬುಧವಾರ. ಹುಂಚದವರದೂ ಹೊಲಿಗೆಯವಳದೂ ಆಗಲೇ ಮುಗಿದಿತ್ತು. ಅವರ ದಿನಗಳಿಗೂ, ನಡುವೆ ಚಿಕ್ಕಮ್ಮ ಬರಲಾಗದ ಕೆಲವು ದಿನಗಳಿಗೂ ನಾನು ರಜೆ ಹಾಕಿ ಹೇಗೋ ದೂಡುತ್ತಿದ್ದೆ. ಸಂಜೆ ನಾನು ಬಂದಾಗ ಚಿಕ್ಕಮ್ಮ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊರಡಲು ತಯಾರಾಗಿ ಜಗಲಿಯಲ್ಲಿ ಕುಳಿತಿದ್ದರು.

"ಇವತ್ತಿಗೆ ಹತ್ತೊಂಬತ್ತು ಆತು. ನಿಮ್ಮತ್ತೆ ಮುಯ್ಯಿ ತೀರ್ತು," ಎಂದರು.

ಈ ದಿನ ಬರುತ್ತದೆಂದು ಗೊತ್ತಿತ್ತು. ಪರೀಕ್ಷೆ ಮುಗಿಯಲು ಇನ್ನು ಒಂದು ವಾರ. ಅರ್ಜಿ ಇನ್ನೂ ಬ್ಯಾಗಿನಲ್ಲೇ ಇತ್ತು.

"ಸೋಮವಾರದಿಂದ ಬರಲ್ವಾ ಚಿಕ್ಕಮ್ಮ?"

"ಬಂದ್ರೆ ಅದು ನಿನ್ ಲೆಕ್ಕ. ನಿಮ್ಮತ್ತೆದಲ್ಲ. ನೀ ತೀರ್ಸ್ತೀಯಾ?"

"ನಂಗೆ ಗದ್ದೆ ಕೆಲ್ಸ ಏನೂ ಬರಲ್ಲ. ಬೇಸಿಗೆ ರಜೆಯಲ್ಲಿ ಅತ್ತೇನೂ ಕರ್ಕೊಂಡು ನಿಮ್ಮನೆಗೇ ಬರ್ತೀನಿ. ಏನು ಹೇಳಿದ್ರೂ ಮಾಡ್ತೀನಿ."

"ಈಗ್ ಬ್ಯಾಡ." ಅವರು ಒಳಗೆ ಅತ್ತೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ನಂಗೂ ಈಗೀಗ ಮರೀತದೆ ಕಣೆ. ಹೋದ್ ವಾರ ಇಲ್ಲಿಂದ ಹೋಗ್ತಾ, ಹಳ್ಳದ ಸಂಕದ ಮೇಲೆ ನಿಂತೆ. ಮನೆ ಈ ಕಡೆನಾ ಆ ಕಡೆನಾ ಗೊತ್ತಾಗ್ಲಿಲ್ಲ. ಸುಮಾರ್ ಹೊತ್ತು ಹಂಗೇ ನಿಂತಿದ್ದೆ. ಮಗಂಗೂ ಹೇಳಿಲ್ಲ, ಸೊಸೆಗೂ ಹೇಳಿಲ್ಲ."

ಇಷ್ಟು ದಿನವೂ ಅವರು ಅತ್ತೆಯ ಪಕ್ಕದಲ್ಲಿ ಕುಳಿತು ನೋಡುತ್ತಿದ್ದದ್ದು ತಮ್ಮದೇ ಮುಂದಿನ ದಿನಗಳನ್ನು. ಗೊತ್ತಿದ್ದೂ ಕಥೆ ಹೇಳಿದರು, ನಗಿಸಿದರು, ಎಡಗೈಯಲ್ಲಿ ಬೀಜ ಆರಿಸಿದರು. ತಲೆಯಿಂದ ಒಂದೊಂದೇ ಜಾರುತ್ತಿರುವಾಗ, ಈ ಹತ್ತೊಂಬತ್ತು ದಿನ ಮಾತ್ರ ಜಾರದ ಹಾಗೆ ಗಟ್ಟಿಯಾಗಿ ಹಿಡಿದು, ತೀರಿಸಿ ಮುಗಿಸಿದ್ದರು.

"ನಾ ನಿನ್ನ ಗುರ್ತು ಹಿಡೀದಿದ್ರೂ ಬರ್ತೀಯಾ? ಎಷ್ಟು ದಿನ ಅಂತ ಹೇಳಕ್ಕೆ ಆಗ ನಂಗೆ ಆಗಲ್ಲ. ನೀನೇ ನೆನಪಿಟ್ಕೋಬೇಕು."

"ಬರ್ತೀನಿ ಚಿಕ್ಕಮ್ಮ."

"ಹಂಗಾದ್ರೆ ಸೋಮವಾರ ಬರ್ತೀನಿ," ಎಂದು ಎದ್ದರು.

ಅವರನ್ನು ಒಬ್ಬರನ್ನೇ ಕಳಿಸಲು ಮನಸ್ಸಾಗಲಿಲ್ಲ. ಅತ್ತೆಯನ್ನು ಒಬ್ಬರನ್ನೇ ಬಿಟ್ಟು ಹೋಗುವಂತಿರಲಿಲ್ಲ. ಅತ್ತೆಗೆ ಚಪ್ಪಲಿ ಹಾಕಿಸಿ, ಮೂವರೂ ಹಳ್ಳದ ಕಡೆ ಹೊರಟೆವು. ಹಳ್ಳಕ್ಕೆ ಅಡ್ಡ ಹಾಕಿದ ಮರದ ಕಾಲುಸಂಕದ ಹತ್ತಿರ ಚಿಕ್ಕಮ್ಮನ ನಡಿಗೆ ನಿಧಾನವಾಯಿತು. ನಾನು ಅವರ ಕೈ ಹಿಡಿದೆ, ಅವರು ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯಲ್ಲಿ ಅತ್ತೆ ಇದ್ದರು. ಮೂವರಲ್ಲಿ ದಾರಿ ಖಚಿತವಾಗಿ ಗೊತ್ತಿದ್ದವಳು ನಾನೊಬ್ಬಳೇ, ಸದ್ಯಕ್ಕೆ.